ಡಿಷ್‌ವಾಷರಿನ ಗಂಟಲು ಕಟ್ಟಿದಾಗ

“ಈ ಲೋಟ ತೊಳೆದದ್ದೋ, ಇನ್ನು ತೊಳೆಯಬೇಕಾದ್ದೋ?”

2024ರ ವಸಂತದಲ್ಲಿ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಕೇಳಿಬರುತ್ತಿದ್ದ ಪ್ರಶ್ನೆ ಇದು. ಡಿಷ್‌ವಾಷರಿನ ಬಾಗಿಲು ತೆಗೆದರೆ ಬಿಸಿ ಹಬೆಯೇನೋ ಬರುತ್ತಿತ್ತು, ಸೋಪಿನ ವಾಸನೆಯೂ ಬರುತ್ತಿತ್ತು. ಆದರೆ ಮೇಲಿನ ಅಂತಸ್ತಿನಲ್ಲಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳ ತಳದಲ್ಲಿ ಹಿಂದಿನ ದಿನದ ಕಾಫಿಯ ಕಲೆ ಹಾಗೇ ಕೂತಿರುತ್ತಿತ್ತು. ಸಾರಿನ ಬಟ್ಟಲಿನ ಅಂಚಿಗೆ ಕೊತ್ತಂಬರಿ ಎಲೆ ಒಣಗಿ ಅಂಟಿಕೊಂಡಿರುತ್ತಿತ್ತು. ಸೋಪಿನ ಪುಡಿ ತನ್ನ ಡಬ್ಬಿಯಲ್ಲೇ ಅರ್ಧ ಕರಗಿ ಗಟ್ಟಿಯಾಗಿರುತ್ತಿತ್ತು.

ಕಥೆ, ಕವಿತೆ, ಪುಸ್ತಕ ಪರಿಚಯ ಬರಬೇಕಾದ ನಮ್ಮ ಕೂಟದ ಪತ್ರಿಕೆಯಲ್ಲಿ ಪಾತ್ರೆ ತೊಳೆಯುವ ಯಂತ್ರದ ಪುರಾಣವೇ ಎಂದು ದಯವಿಟ್ಟು ಹುಬ್ಬೇರಿಸಬೇಡಿ. ಕಳೆದ ತಿಂಗಳ ಕೂಟದಲ್ಲಿ ಊಟ ಮುಗಿಸಿ ಕೈತೊಳೆಯುವಾಗ ಈ ಮಾತು ಬಂತು. “ಅಯ್ಯೋ, ನಮ್ಮನೇದೂ ಹಾಗೇ ಆಗಿದೆ” ಎಂದು ಮೂರು ನಾಲ್ಕು ಮನೆಯವರು ದನಿಗೂಡಿಸಿದರು. ಸಂಪಾದಕರು ಅಲ್ಲೇ ಇದ್ದರು, “ಬರೆದುಕೊಡಿ” ಎಂದು ಅಪ್ಪಣೆ ಮಾಡಿಬಿಟ್ಟರು. ಯಂತ್ರದ ರಿಪೇರಿಯ ಜೊತೆಗೆ ನಮ್ಮ ತಪ್ಪೊಂದನ್ನೂ ಒಪ್ಪಿಸಬೇಕಾಗಿದೆ. ಎರಡೂ ಬೇರೆ ಬೇರೆ ಅಲ್ಲವಾದ್ದರಿಂದ ಒಟ್ಟಿಗೇ ಹೇಳುತ್ತೇವೆ.

ಕೊನೆಯ ಬದಲಾವಣೆ ಯಾವುದು?

ಆ ಏಪ್ರಿಲ್‌ನಲ್ಲಿ ಹಾಸನದಿಂದ ಅಮ್ಮ ಬಂದಿದ್ದರು, ಆರು ತಿಂಗಳಿಗೆಂದು. ಅವರು ಬಂದ ಎರಡನೆಯ ವಾರವೇ ಲೋಟದ ರಗಳೆ ನಮ್ಮ ಕಣ್ಣಿಗೆ ಬಿದ್ದದ್ದು. ನಾವಿಬ್ಬರೂ ಸಾಫ್ಟ್‌ವೇರ್ ಕೆಲಸದವರು. ನೆಟ್ಟಗೆ ನಡೆಯುತ್ತಿದ್ದ ಪ್ರೋಗ್ರಾಂ ಕೈಕೊಟ್ಟರೆ ನಮ್ಮ ಆಫೀಸುಗಳಲ್ಲಿ ಕೇಳುವ ಮೊದಲ ಪ್ರಶ್ನೆ, “ಕೊನೆಯ ಬದಲಾವಣೆ ಯಾವುದು?” ನಮ್ಮ ಅಡುಗೆಮನೆಯ ಮಟ್ಟಿಗೆ ಕೊನೆಯ ಬದಲಾವಣೆ ಎಂದರೆ ಅಮ್ಮ! ಪಾತ್ರೆ ಜೋಡಿಸುವ ಕೆಲಸವನ್ನು ಅವರೇ ಕೇಳಿ ವಹಿಸಿಕೊಂಡಿದ್ದರು.

ಬಾಯಿಬಿಟ್ಟು ಬೈಯಲಿಲ್ಲ, ನಿಜ. ಆದರೆ “ಅಮ್ಮಾ, ಲೋಟಗಳನ್ನ ಅಷ್ಟು ಒತ್ತಾಗಿ ಇಡಬೇಡಿ”, “ಅಮ್ಮಾ, ತಟ್ಟೆಯ ಮುಖ ಒಳಗಡೆಗಿರಲಿ”, “ಅನ್ನದ ಅಗುಳು ತೆಗೆದು ಹಾಕಿ ಅಮ್ಮಾ” ಎಂದು ದಿನಕ್ಕೊಂದು ಸಲಹೆ ಕೊಡತೊಡಗಿದೆವು. ಅದೂ ಸಾಲದೆಂದು ಪಾತ್ರೆ ಹೇಗೆ ಜೋಡಿಸಬೇಕೆಂದು ಚಿತ್ರ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆವು. ಅಮ್ಮ ಒಂದೇ ಒಂದು ಸಲ ಹೇಳಿದರು: “ಹೋದ ಸಲ ನಾನು ಬಂದಾಗ ಇದು ಮಳೆ ಹುಯ್ದ ಹಾಗೆ ಸದ್ದು ಮಾಡ್ತಿತ್ತು ಕಣ್ರಪ್ಪಾ. ಈಗ ಬರೀ ಗೊರಗೊರ ಅನ್ನತ್ತೆ. ಇದಕ್ಕೆ ಗಂಟಲು ಕಟ್ಟಿದೆ.” ನಾವು ನಕ್ಕು ಸುಮ್ಮನಾದೆವು.

ಚಿತ್ರ ಅಂಟಿಸಿದ ಮೇಲೆ ನಾಲ್ಕೈದು ದಿನ ಪಾತ್ರೆಗಳು ಥಳಥಳ ಹೊಳೆದವು. “ನೋಡಿದ್ರಾ, ಜೋಡಿಸೋದರಲ್ಲೇ ಎಲ್ಲ ಇರೋದು” ಎಂದು ಬೀಗಿದೆವು. ಐದನೆಯ ರಾತ್ರಿ ಹನ್ನೊಂದರ ಹೊತ್ತಿಗೆ ನೀರು ಕುಡಿಯಲು ಕೆಳಗೆ ಇಳಿದು ಬಂದರೆ, ಒಲೆಯ ಮೇಲಿನ ಮಂದ ದೀಪ ಒಂದನ್ನೇ ಹಾಕಿಕೊಂಡು, ಸದ್ದಾಗದ ಹಾಗೆ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು, ಅಮ್ಮ ಸಂಜೆಯ ಪಾತ್ರೆಗಳನ್ನೆಲ್ಲ ಕೈಯಲ್ಲೇ ತೊಳೆಯುತ್ತಿದ್ದರು. ತೊಳೆದ ಒಂದೊಂದನ್ನೂ ನಮ್ಮ ಚಿತ್ರದಲ್ಲಿದ್ದ ಹಾಗೇ ಯಂತ್ರದೊಳಗೆ ಜೋಡಿಸುತ್ತಿದ್ದರು. “ಬೆಳಿಗ್ಗೆ ಎದ್ದ ತಕ್ಷಣ ನಿಮ್ಮಿಬ್ಬರ ಮುಖ ಗಂಟು ಹಾಕಿರೋದು ನೋಡೋಕಾಗಲ್ಲ” ಎಂದರು, ಅಷ್ಟೆ.

ಆ ರಾತ್ರಿ ನಮಗಿಬ್ಬರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ನೆಲದ ಮೇಲೆ ಹಳೇ ಟವೆಲು ಹಾಸಿ ಯಂತ್ರದ ಮುಂದೆ ಕೂತೆವು.

ಇದು ತೊಳೆಯುವುದು ಹೇಗೆ

ಮೊದಲು ಯಂತ್ರದ ಗುಟ್ಟು ತಿಳಿದಿರಬೇಕು. ಬಾಗಿಲು ಮುಚ್ಚಿದ ಮೇಲೆ ಒಳಗೆ ಕೊಡಗಟ್ಟಲೆ ನೀರು ತುಂಬಿ ಪಾತ್ರೆಗಳೆಲ್ಲ ಮುಳುಗುತ್ತವೆ ಎಂದು ಬಹಳ ಜನ ತಿಳಿದಿದ್ದಾರೆ. ನಾವೂ ಹಾಗೇ ತಿಳಿದಿದ್ದೆವು. ನಿಜ ಬೇರೆ. ತಳದಲ್ಲಿ ನಾಲ್ಕೈದು ಲೀಟರಿನಷ್ಟು ನೀರು ನಿಲ್ಲುತ್ತದೆ. ಪಂಪು ಅದನ್ನೇ ಹೀರಿ, ತೂತುಗಳಿರುವ ತೋಳುಗಳ ಮೂಲಕ ಪಾತ್ರೆಗಳ ಮೇಲೆ ರಭಸವಾಗಿ ಎರಚುತ್ತದೆ. ಚಿಮ್ಮುವ ನೀರಿನ ಒತ್ತಡಕ್ಕೇ ತೋಳುಗಳು ಗಿರಗಿರ ತಿರುಗುತ್ತವೆ. ಕೆಳಗೆ ಬಿದ್ದ ನೀರು ಮತ್ತೆ ಪಂಪಿಗೆ ಹೋಗುತ್ತದೆ. ಸ್ವಲ್ಪ ಹೊತ್ತಿನ ನಂತರ ಆ ಕೊಳೆನೀರನ್ನು ಹೊರಗೆ ಹಾಕಿ ಹೊಸ ನೀರು ತುಂಬಿಕೊಳ್ಳುತ್ತದೆ. ಹೀಗೆ ಮೂರು ನಾಲ್ಕು ಸಲ. 2013ರಲ್ಲಿ ಜಾರಿಗೆ ಬಂದ ಅಮೆರಿಕದ ನಿಯಮದ ಪ್ರಕಾರ ಮಾಮೂಲಿ ಗಾತ್ರದ ಹೊಸ ಯಂತ್ರವೊಂದು ಪೂರ್ತಿ ತೊಳೆತಕ್ಕೆ 5 ಗ್ಯಾಲನ್ನಿಗಿಂತ, ಎಂದರೆ ಸುಮಾರು 19 ಲೀಟರಿಗಿಂತ, ಹೆಚ್ಚು ನೀರು ಬಳಸುವಂತಿರಲಿಲ್ಲ.

ಉಜ್ಜುವ ಕೈ ಇಲ್ಲ, ತೆಂಗಿನ ನಾರಿಲ್ಲ, ಬೂದಿಯಿಲ್ಲ. ನೀರಿನ ಹೊಡೆತವೇ ಎಲ್ಲ. ಈ ಉಪಾಯವನ್ನು ಬಳಕೆಗೆ ತಂದವರು ಇಲಿನಾಯ್ ರಾಜ್ಯದ ಶೆಲ್ಬಿವಿಲ್‌ನ ಜೋಸೆಫೀನ್ ಕಾಕ್ರೇನ್ ಎಂಬ ಗೃಹಿಣಿ. ಅವರಿಗೆ ಪೇಟೆಂಟ್ ಸಿಕ್ಕಿದ್ದು 1886ರಲ್ಲಿ. 1893ರ ಷಿಕಾಗೊ ಮಹಾಮೇಳದಲ್ಲಿ ಅವರ ಯಂತ್ರಗಳು ಪ್ರದರ್ಶನಕ್ಕಿದ್ದವು. ನಮ್ಮ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಅಂಗವಾಗಿಯೇ!

ಇರಲಿ, ವಿಷಯಕ್ಕೆ ಬರೋಣ. ನೀರಿನ ಹೊಡೆತವೇ ಎಲ್ಲ ಎಂದ ಮೇಲೆ ನೀರು ಕಡಿಮೆಯಾದರೆ ಏನಾಗುತ್ತದೆಂದು ಊಹಿಸಬಹುದು. ಪಂಪು ನೀರಿನ ಜೊತೆಗೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಎಳನೀರು ಮುಗಿಯುತ್ತಾ ಬಂದಾಗ ಸ್ಟ್ರಾದಲ್ಲಿ ಹೀರಿದರೆ ಬರುತ್ತದಲ್ಲ, ಅದೇ ಗೊರಗೊರ ಸದ್ದು. ತೋಳುಗಳು ಸೋತು ನಿಧಾನವಾಗುತ್ತವೆ. ಕೆಳಗಿನ ಪಾತ್ರೆಗಳಿಗೆ ಅಷ್ಟಿಷ್ಟು ನೀರು ಸಿಗುತ್ತದೆ, ಮೇಲಿನ ಲೋಟಗಳಿಗೆ ಸಿಗುವುದಿಲ್ಲ. ಸೋಪು ಕರಗುವುದಿಲ್ಲ. ನಮ್ಮ ಮನೆಯ ಲಕ್ಷಣಗಳೆಲ್ಲ ಇವೇ. ಅಮ್ಮ ಕಿವಿಯಿಂದಲೇ ಹಿಡಿದಿದ್ದರು.

ಹಾಗಾದರೆ ನೀರು ಸಾಲದೆಂದು ಯಂತ್ರಕ್ಕೇ ಗೊತ್ತಾಗುವುದಿಲ್ಲವೆ? ಹೊಸ ಯಂತ್ರಗಳಲ್ಲಿ ಕೆಲವು ನೀರಿನ ಹರಿವನ್ನು ಅಳೆಯುತ್ತವೆ, ಕೆಲವು ಒತ್ತಡವನ್ನೋ ಪಂಪಿನ ಶ್ರಮವನ್ನೋ ನೋಡಿ ತಿಳಿದುಕೊಳ್ಳುತ್ತವೆ, ತಪ್ಪಾದರೆ ಪರದೆಯ ಮೇಲೆ ಸಂಕೇತ ತೋರಿಸುತ್ತವೆ. ಆದರೆ ನಮ್ಮದರಂಥ ಹಳೆಯ ಸರಳ ಯಂತ್ರಗಳು ಅಳೆಯುವುದು ನೀರನ್ನಲ್ಲ, ಕಾಲವನ್ನು. ನೀರಿನ ವಾಲ್ವನ್ನು ಇಂತಿಷ್ಟು ಸೆಕೆಂಡು ತೆರೆದಿಡು, ಆಮೇಲೆ ಮುಚ್ಚು, ಪಂಪು ಶುರುಮಾಡು. ಅಷ್ಟೇ ಅದಕ್ಕೆ ಗೊತ್ತಿರುವುದು. ಆ ಹೊತ್ತಿನಲ್ಲಿ ಐದು ಲೀಟರು ಬಂತೋ ಎರಡು ಲೀಟರು ಬಂತೋ ಅದು ನೋಡುವುದಿಲ್ಲ. ಕೊಡದ ಕೆಳಗೆ ನಲ್ಲಿ ಬಿಟ್ಟು, ನೂರರವರೆಗೆ ಎಣಿಸಿ, ಕೊಡ ನೋಡದೆ ನಲ್ಲಿ ನಿಲ್ಲಿಸಿದ ಹಾಗೆ. ಪೂರ್ತಿ ಕೆಟ್ಟರೆ ಗೊತ್ತಾಗುತ್ತದೆ. ಅರ್ಧ ಕೆಟ್ಟರೆ ಗೊತ್ತಾಗುವುದಿಲ್ಲ. ದೂರು ಹೇಳಲು ಯಂತ್ರಕ್ಕೆ ಬಾಯಿಲ್ಲದ್ದರಿಂದ ನಾವು ಮನುಷ್ಯರನ್ನು ದೂರುತ್ತೇವೆ.

ಮೊದಲು ಅಳೆಯಿರಿ

ನಾವು ಮಾಡಿದ ಮೊದಲ ಪರೀಕ್ಷೆಗೆ ಸಲಕರಣೆ ಬೇಡ. ಯಂತ್ರವನ್ನು ಖಾಲಿ ಮಾಡಿ ಮಾಮೂಲಿ ತೊಳೆತಕ್ಕೆ ಹಾಕಿ ಕಿವಿಗೊಟ್ಟು ಕೂತೆವು. ಅನೇಕ ಯಂತ್ರಗಳು ಮೊದಲು ಹಳೆಯ ನೀರನ್ನು ಹೊರದೂಡುತ್ತವೆ. ಆಮೇಲೆ ವಾಲ್ವ್ ತೆರೆದು ‘ಸುಯ್’ ಎಂದು ನೀರು ಬರುವ ಸದ್ದು. ಅದು ನಿಂತ ಕೂಡಲೇ, ಪಂಪು ಎರಚಲು ಶುರುಮಾಡುವಷ್ಟರಲ್ಲಿ, ನಿಧಾನವಾಗಿ ಬಾಗಿಲು ತೆಗೆದು ನೋಡಿದೆವು. ತಳದಲ್ಲಿ ಸುತ್ತಿಕೊಂಡಿರುವ ಬಿಸಿ ಮಾಡುವ ಕಾಯಿಲ್ಲಿನ ಮಟ್ಟಕ್ಕೆ ಬರಬೇಕಾದ ನೀರು ನಡುವಿನ ಗುಂಡಿಯನ್ನಷ್ಟೇ ತುಂಬಿತ್ತು. ಆ ಕಾಯಿಲ್ ಬಿಸಿಯಾಗಿರಬಹುದು, ಕೈ ತಾಗಿಸಬೇಡಿ.

ಎರಡನೆಯ ಪರೀಕ್ಷೆ ಇನ್ನೂ ಸುಲಭ, ಆದರೆ ಇಡೀ ರೋಗನಿದಾನದಲ್ಲಿ ಇದೇ ಮುಖ್ಯ. ಸಿಂಕಿನ ನಲ್ಲಿಯಿಂದ ಮೂರು ಲೀಟರು ಬಿಸಿನೀರು ಹಿಡಿದು ಯಂತ್ರದ ತಳಕ್ಕೆ ನಾವೇ ಸುರಿದು ಬಾಗಿಲು ಮುಚ್ಚಿದೆವು. ಪಂಪು ಎದ್ದ ಕ್ಷಣವೇ ‘ಧೋ’ ಎಂದು ಮಳೆಯ ಸದ್ದು! ಹಾಲಿನಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದರು: “ಹಾಂ, ಇದೇ ನೋಡಿ ಆಗಿನ ಸದ್ದು!”

ಇದರಿಂದ ತಿಳಿದದ್ದು ಇಷ್ಟು. ಪಂಪು ಸರಿಯಿದೆ, ತೋಳುಗಳು ಸರಿಯಿವೆ, ಪಾತ್ರೆ ಜೋಡಿಸುವ ಕೈಯೂ ಸರಿಯಿದೆ. ಕೊರತೆಯಿರುವುದು ನೀರು ಬರುವ ದಾರಿಯಲ್ಲಿ. ಒಂದೇ ಪರೀಕ್ಷೆಯಿಂದ ಅರ್ಧ ಯಂತ್ರವನ್ನು ಆರೋಪದಿಂದ ಬಿಡುಗಡೆ ಮಾಡಿದ್ದಾಯಿತು. ದೊಡ್ಡ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವಾಗಲೂ ನಾವು ಮಾಡುವುದು ಇದನ್ನೇ. ನಡುವೆ ಒಂದು ಗೆರೆ ಎಳೆದು ‘ತಪ್ಪು ಈಚೆಗೋ, ಆಚೆಗೋ’ ಎಂದು ಕೇಳುವುದು. ಮನೆಯಲ್ಲಿ ಮಾತ್ರ ಆ ಬುದ್ಧಿ ಮೂರು ವಾರ ತಡವಾಗಿ ಬಂತು.

ನೀರಿನ ದಾರಿ ಹಿಡಿದು

ಇನ್ನು ಮುಂದಿನದು ನೀರಿನ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ನಿಂತು ವಿಚಾರಿಸುವ ಕೆಲಸ. ಸುಲಭದಿಂದ ಕಷ್ಟಕ್ಕೆ, ಖರ್ಚಿಲ್ಲದ್ದರಿಂದ ಖರ್ಚಿನ ಕಡೆಗೆ ಹೋಗಬೇಕು.

ಮೊದಲನೆಯದು ಬಂದ ನೀರು ನಿಲ್ಲುತ್ತಿದೆಯೇ ಎಂಬುದು. ಕೆಲವೊಮ್ಮೆ ನೀರು ಸರಿಯಾಗಿ ತುಂಬಿಯೂ ಹಿಂದಿನಿಂದ ಸೋರಿಹೋಗುತ್ತಿರುತ್ತದೆ. ಕೊಳೆನೀರು ಹೊರಹೋಗುವ ಕೊಳವೆ ಸಿಂಕಿನ ಕೆಳಗೆ ಒಮ್ಮೆ ಎತ್ತರಕ್ಕೆ, ಕಟ್ಟೆಯ ಕಲ್ಲಿನ ಅಡಿಯವರೆಗೆ, ಏರಿ ಆಮೇಲೆ ಇಳಿದು ಚರಂಡಿ ಸೇರಬೇಕು. ಆ ಕೊಳವೆ ಜಾರಿ ನೆಲಕ್ಕೆ ಬಿದ್ದಿದ್ದರೆ, ಡ್ರಮ್ಮಿನಿಂದ ಸೀಮೆಎಣ್ಣೆಯನ್ನು ನಳಿಗೆ ಹಾಕಿ ಎಳೆದ ಹಾಗೆ, ನೀರು ತಾನಾಗಿ ಹರಿದುಹೋಗಬಹುದು. ನೀರು ತುಂಬುವಾಗ ಸಿಂಕಿನ ಚರಂಡಿಯಲ್ಲಿ ತೊಟತೊಟ ಸದ್ದು ಕೇಳಿದರೆ ಇದೇ ಕಾರಣವಿರಬಹುದು. ನಮ್ಮದು ಎತ್ತರದಲ್ಲೇ ಕಟ್ಟಿತ್ತು.

ಎರಡನೆಯದು ಸಿಂಕಿನ ಕೆಳಗಿನ ಸಣ್ಣ ವಾಲ್ವ್. ಇಲ್ಲಿನ ಮನೆಗಳಲ್ಲಿ ಡಿಷ್‌ವಾಷರಿಗೆ ಸಾಮಾನ್ಯವಾಗಿ ಬಿಸಿನೀರಿನ ಕೊಳವೆಯಿಂದ ಕವಲು ಕೊಟ್ಟಿರುತ್ತಾರೆ. ಯಾರೋ ರಿಪೇರಿಗೆ ಬಂದವರು ಅದನ್ನು ಅರ್ಧ ತಿರುಗಿಸಿ ಬಿಟ್ಟುಹೋಗಿರುವುದುಂಟು. ಯಂತ್ರವನ್ನು ಹಿಂದಕ್ಕೆ ತಳ್ಳಿದಾಗ ಕೊಳವೆ ಮಡಚಿಕೊಂಡಿರುವುದೂ ಉಂಟು. ನಮ್ಮಲ್ಲಿ ಅವೂ ಸರಿಯಿದ್ದವು.

ಮೂರನೆಯದು ಫ್ಲೋಟ್. ಯಂತ್ರದ ಒಳಗೆ ತಳದ ಮೂಲೆಯಲ್ಲಿ ಬೋರಲು ಹಾಕಿದ ಸಣ್ಣ ಬಟ್ಟಲಿನಂಥ, ಅಣಬೆಯಂಥ ಪ್ಲಾಸ್ಟಿಕ್ಕಿನ ವಸ್ತು. ನೀರು ಮಿತಿಮೀರಿ ಏರಿದರೆ ಇದು ತೇಲಿ ಕೆಳಗಿನ ಸ್ವಿಚ್ಚಿನ ಮೂಲಕ ವಾಲ್ವನ್ನು ಮುಚ್ಚಿಸುತ್ತದೆ. ಅಡುಗೆಮನೆ ಕೆರೆಯಾಗದಂತೆ ಕಾಯುವ ಕಾವಲುಗಾರ. ಇದರ ಅಡಿ ಸೋಪಿನ ಗಸಿಯೋ ಅನ್ನದ ಅಗುಳೋ ಸಿಕ್ಕಿ ಎತ್ತಿಹಿಡಿದರೆ, ನೀರಿಲ್ಲದಿದ್ದರೂ ‘ತುಂಬಿದೆ’ ಎಂದು ಸುಳ್ಳು ಸಾಕ್ಷಿ ಹೇಳುತ್ತದೆ. ಬೆರಳಿನಲ್ಲಿ ಎತ್ತಿಬಿಟ್ಟರೆ ಸಲೀಸಾಗಿ ಏರಿಳಿಯಬೇಕು, ‘ಟಿಕ್’ ಎಂಬ ಸಣ್ಣ ಸದ್ದು ಕೇಳಬೇಕು.

ನಾವು ಅದನ್ನು ಬಿಚ್ಚಿದಾಗ ಅಡಿಯಲ್ಲಿ ಏನು ಸಿಕ್ಕಿತು ಗೊತ್ತೇ? ಒಂಬತ್ತು ಸಾಸಿವೆ ಕಾಳು, ಒಂದು ತುಂಡು ಕರಿಬೇವು! ಒಂದು ಗಳಿಗೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಗ್ಗರಣೆ ಯಾರದು ಎಂದು ಕೇಳಬೇಕೆ? ಆದರೆ ಎಲ್ಲ ತೊಳೆದು ಮತ್ತೆ ಕೂರಿಸಿ ನೀರು ತುಂಬಿಸಿದರೆ ಮಟ್ಟ ಮೊದಲಿನಷ್ಟೇ, ಒಂದು ಕೂದಲೆಳೆಯೂ ಹೆಚ್ಚಲಿಲ್ಲ. ಕಸ ಸಿಕ್ಕಿತೆಂದ ಮಾತ್ರಕ್ಕೆ ಕಾರಣ ಸಿಕ್ಕಿತೆಂದಲ್ಲ. ಸರಿಪಡಿಸಿದ ಮೇಲೆ ಮತ್ತೆ ಅಳೆದು ನೋಡಿರದಿದ್ದರೆ ಆ ಸಾಸಿವೆಯನ್ನೇ ಸಾಕ್ಷಿ ಮಾಡಿಕೊಂಡು ಅಮ್ಮನಿಗೆ ಇನ್ನೊಂದು ಚಿತ್ರ ಬರೆದುಕೊಡುತ್ತಿದ್ದೆವೋ ಏನೋ.

ಬಾಗಿಲಿನ ಚಿಲಕದ ಸ್ವಿಚ್ಚನ್ನು ನಾವು ಪರೀಕ್ಷಿಸಲಿಲ್ಲ. ಅದು ಕೆಟ್ಟಿದ್ದರೆ ಯಂತ್ರ ಶುರುವಾಗುವುದೇ ಇಲ್ಲ, ನಮ್ಮದು ಶುರುವಾಗುತ್ತಿತ್ತಲ್ಲ.

ತಗಡಿನ ಹಿಂದಿನ ಕಾಗದ

ಇಲ್ಲಿಂದ ಮುಂದೆ ನೀರು ಮತ್ತು ಕರೆಂಟು ಎರಡರ ಜೊತೆಗೂ ಕೆಲಸ. ಆದ್ದರಿಂದ ಮನೆಯ ಬ್ರೇಕರ್ ಪೆಟ್ಟಿಗೆಯಲ್ಲಿ ಡಿಷ್‌ವಾಷರಿನ ಸ್ವಿಚ್ಚು ಕೆಳಗೆ ಮಾಡಿ, ಸಿಂಕಿನ ಕೆಳಗಿನ ವಾಲ್ವ್ ಮುಚ್ಚಿ, ಯಂತ್ರದ ಬಟನ್ ಒತ್ತಿ ಅದು ನಿಜಕ್ಕೂ ಸತ್ತಿದೆಯೆಂದು ಖಾತ್ರಿ ಮಾಡಿಕೊಂಡೇ ಮುಂದುವರಿಯಬೇಕು. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಇರುವವರು ಇಲ್ಲಿಗೆ ನಿಲ್ಲಿಸಿ, ಕಂಡದ್ದನ್ನು ಬರೆದು ಮೇಂಟೆನೆನ್ಸಿನವರಿಗೆ ಕೊಡುವುದೇ ಒಳ್ಳೆಯದು. “ಸರಿಯಾಗಿ ತೊಳೀತಿಲ್ಲ” ಎನ್ನುವುದಕ್ಕಿಂತ “ನೀರು ಕಡಿಮೆ ತುಂಬುತ್ತಿದೆ, ಕೈಯಲ್ಲಿ ಸುರಿದರೆ ಸರಿಯಾಗಿ ತೊಳೆಯುತ್ತದೆ” ಎಂದರೆ ಅವರ ಅರ್ಧ ಕೆಲಸ ಮುಗಿದಂತೆ.

ಯಂತ್ರದ ಮುಂದೆ ಕಾಲಿಗೆ ತಾಗುವ ಕೆಳತಗಡನ್ನು ಬಿಚ್ಚಿದೆವು. ನಮ್ಮದಕ್ಕೆ ಎರಡೇ ತಿರುಪು. ಒಳಗೆ ಮಡಚಿಟ್ಟ ಒಂದು ಕಾಗದ ಸಿಕ್ಕಿತು. ಅನೇಕ ಅಮೆರಿಕನ್ ಯಂತ್ರಗಳಲ್ಲಿ ರಿಪೇರಿಯವರಿಗೆಂದು ಇಂಥ ಕಾಗದವನ್ನು ಅಲ್ಲೇ ಇಟ್ಟಿರುತ್ತಾರೆ. ವೈರಿಂಗಿನ ನಕ್ಷೆ, ಯಾವ ಹೊತ್ತಿಗೆ ಏನು ನಡೆಯುತ್ತದೆಂಬ ಪಟ್ಟಿ, ಎಷ್ಟು ನೀರು, ಯಾವ ಭಾಗದ ರೋಧ ಎಷ್ಟಿರಬೇಕು, ಎಲ್ಲ ಅದರಲ್ಲಿದೆ. ನಮ್ಮ ಯಂತ್ರ ಒಂದು ಸಲಕ್ಕೆ ತುಂಬಬೇಕಾದದ್ದು ಸುಮಾರು ಒಂದೂಕಾಲು ಗ್ಯಾಲನ್, ಎಂದರೆ ಹೆಚ್ಚುಕಡಿಮೆ ನಾಲ್ಕೂಮುಕ್ಕಾಲು ಲೀಟರು. ಅಷ್ಟರಲ್ಲಾಗಲೇ ತುಂಬಿದ್ದ ನೀರನ್ನು ಲೋಟದಿಂದ ಮೊಗೆದು, ಉಳಿದದ್ದನ್ನು ಸ್ಪಂಜಿನಿಂದ ಹಿಂಡಿ ಅಳೆದೆವು. ಎರಡು ಲೀಟರೂ ಇರಲಿಲ್ಲ. ಅರ್ಧಕ್ಕಿಂತ ಕಡಿಮೆ!

ನೀರು ಒಳಬರುವ ವಾಲ್ವ್ ಕೂಡ ಈ ತಗಡಿನ ಹಿಂದೆಯೇ ಇರುತ್ತದೆ. ಒಂದು ಕಡೆ ಸಿಂಕಿನಿಂದ ಬಂದ ಕೊಳವೆ, ಇನ್ನೊಂದು ಕಡೆ ಯಂತ್ರದೊಳಕ್ಕೆ ಹೋಗುವ ರಬ್ಬರ್ ಕೊಳವೆ, ಮೇಲೆ ಎರಡು ವೈರು. ತಾಮ್ರದ ತಂತಿಯ ಸುರುಳಿಗೆ ಕರೆಂಟು ಹರಿದಾಗ ಅದು ಅಯಸ್ಕಾಂತವಾಗಿ ಒಳಗಿನ ಕಡ್ಡಿಯನ್ನು ಎಳೆಯುತ್ತದೆ, ದಾರಿ ತೆರೆಯುತ್ತದೆ; ಕರೆಂಟು ನಿಂತಾಗ ಸ್ಪ್ರಿಂಗೂ ನೀರಿನ ಒತ್ತಡವೂ ಸೇರಿ ಮುಚ್ಚುತ್ತವೆ. ಇದಕ್ಕೇ ಸೊಲೆನಾಯ್ಡ್ ವಾಲ್ವ್ ಎನ್ನುವುದು. ಅನೇಕ ಯಂತ್ರಗಳಿಗೆ ನೀರಿನ ಒತ್ತಡ ಕಡಿಮೆಯೆಂದರೂ 20 ಪಿ.ಎಸ್.ಐ. ಇರಬೇಕು.

ಇಲ್ಲಿಯೂ ಅದೇ ಗೆರೆ ಎಳೆಯುವ ಉಪಾಯ. ವಾಲ್ವಿನಿಂದ ಸಿಂಕಿನ ಕೊಳವೆಯನ್ನು ಬಿಚ್ಚಿ, ಅದರ ಬಾಯನ್ನು ಖಾಲಿ ಹಾಲಿನ ಗ್ಯಾಲನ್ ಕ್ಯಾನಿಗೆ ಇಟ್ಟು, ಸಿಂಕಿನ ವಾಲ್ವನ್ನು ನಿಧಾನವಾಗಿ ತೆರೆದೆವು. ಅರ್ಧ ನಿಮಿಷದೊಳಗೆ ಕ್ಯಾನು ತುಂಬಿತು. ಎಂದರೆ ಮನೆಯ ಕೊಳವೆಗಳಲ್ಲಿ ದೋಷವಿಲ್ಲ. ಆಮೇಲೆ ವಾಲ್ವಿನ ವೈರು ಕಳಚಿ ಮಲ್ಟಿಮೀಟರಿನಿಂದ ಸುರುಳಿಯ ರೋಧ ಅಳೆದೆವು. ಕಾಗದದಲ್ಲಿ ಹೇಳಿದ ಮಿತಿಯೊಳಗೇ ಇತ್ತು. ಸುರುಳಿ ಸುಟ್ಟಿದ್ದರೆ ಮೀಟರು ಅನಂತ ಎಂದು ತೋರಿಸುತ್ತಿತ್ತು, ಆಗ ಒಂದು ತೊಟ್ಟೂ ನೀರು ಬರುತ್ತಿರಲಿಲ್ಲ.

ನೀರು ವಾಲ್ವಿನವರೆಗೆ ಚೆನ್ನಾಗಿ ಬರುತ್ತಿದೆ. ವಾಲ್ವ್ ತೆರೆದುಕೊಳ್ಳುತ್ತಿದೆ. ಆದರೂ ಆಚೆಗೆ ಅರ್ಧವೂ ಹೋಗುತ್ತಿಲ್ಲ. ಉಳಿದದ್ದು ಒಂದೇ ಜಾಗ. ವಾಲ್ವಿನ ಬಾಯಿಗೆ ಟಾರ್ಚ್ ಹಿಡಿದೆವು. ಬೆರಳ ಉಗುರಿನಷ್ಟು ಅಗಲದ ಒಂದು ಜಾಲರಿ. ಅದರ ಮೇಲೆ ತುಕ್ಕಿನ ಬಣ್ಣದ ಮರಳು, ಬಿಳಿ ಸುಣ್ಣದ ಚಕ್ಕೆ, ನಡುವೆ ಬೆಸುಗೆಯ ಒಂದೆರಡು ಹೊಳೆಯುವ ಚೂರು. ಗಂಟಲು ಕಟ್ಟಿತ್ತು!

ಎಲ್ಲಿಂದ ಬಂತು?

ಆಗ ನೆನಪಾಯಿತು. ಫೆಬ್ರವರಿಯಲ್ಲಿ, ಅಮ್ಮ ಬರುವುದಕ್ಕೆ ಎರಡು ತಿಂಗಳು ಮುಂಚೆ, ಬೇಸ್‌ಮೆಂಟಿನ ವಾಟರ್ ಹೀಟರ್ ಬದಲಾಯಿಸಿದ್ದೆವು. ಕೊಳವೆ ಕತ್ತರಿಸಿ, ಬೆಸೆದು, ನೀರು ನಿಲ್ಲಿಸಿ ಮತ್ತೆ ಬಿಟ್ಟಾಗ ಒಳಗೋಡೆಗಳಿಗೆ ವರ್ಷಗಟ್ಟಲೆ ಅಂಟಿಕೊಂಡಿದ್ದ ಸುಣ್ಣ, ತುಕ್ಕು ಕಳಚಿ ಹರಿಯುತ್ತದೆ. ರಸ್ತೆಯ ಕೊಳವೆ ರಿಪೇರಿಯಾದಾಗಲೂ ಹೀಗಾಗುವುದುಂಟು. ನಲ್ಲಿಯ ಮೂತಿಯ ಜಾಲರಿಯನ್ನು ಬಿಚ್ಚಿ ತೊಳೆಯುತ್ತೇವೆ, ಡಿಷ್‌ವಾಷರಿನ ಜಾಲರಿ ಕಣ್ಣಿಗೇ ಬೀಳುವುದಿಲ್ಲ. 1993ರಿಂದ 1996ರ ನಡುವೆ ಅಮೆರಿಕದಲ್ಲಿ ತಯಾರಾದ ಲಕ್ಷಗಟ್ಟಲೆ ವಾಟರ್ ಹೀಟರುಗಳಲ್ಲಿ ಒಳಗಿನ ಪ್ಲಾಸ್ಟಿಕ್ ಕೊಳವೆ ಪುಡಿಪುಡಿಯಾಗಿ, ಆ ಬಿಳಿ ಚೂರುಗಳು ಹೀಗೇ ಮನೆಮನೆಯ ಜಾಲರಿಗಳನ್ನು ಕಟ್ಟಿಸಿ ಮೊಕದ್ದಮೆಯವರೆಗೆ ಹೋಗಿತ್ತು.

ಎಂದರೆ ಮಾರ್ಚಿನಿಂದಲೇ ನೀರು ಸ್ವಲ್ಪಸ್ವಲ್ಪವಾಗಿ ಕಡಿಮೆಯಾಗುತ್ತಿತ್ತು. ಆಗ ನಾವಿಬ್ಬರೇ, ಎರಡು ತಟ್ಟೆ, ನಾಲ್ಕು ಲೋಟ. ಅರ್ಧ ನೀರಿನಲ್ಲೂ ಹೇಗೋ ತೊಳೆದುಹೋಗುತ್ತಿತ್ತು. ಅಮ್ಮ ಬಂದ ಮೇಲೆ ಮನೆಯಲ್ಲಿ ನಿಜವಾದ ಅಡುಗೆ ಶುರುವಾಯಿತು, ಯಂತ್ರ ತುಂಬಿತು, ಕೊರತೆ ಬಯಲಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಹಾಗೆ. ‘ಕೊನೆಯ ಬದಲಾವಣೆ ಯಾವುದು’ ಎಂಬ ಪ್ರಶ್ನೆ ಸರಿಯಾದದ್ದೇ. ನಾವು ಕಣ್ಣಿಗೆ ಕಂಡ ಬದಲಾವಣೆಯನ್ನು ಹಿಡಿದೆವು, ನೀರಿನ ದಾರಿಯಲ್ಲಾದ ಬದಲಾವಣೆಯನ್ನು ಮರೆತೆವು.

ಸರಿಪಡಿಸಿದ್ದು

ಜಾಲರಿಯನ್ನು ಸೂಜಿಯಿಂದ ಕೆದಕಬೇಡಿ. ಅದು ಹರಿದರೆ, ಅಥವಾ ಚೂರುಗಳು ಒಳಗೆ ಜಾರಿದರೆ, ವಾಲ್ವ್ ಪೂರ್ತಿ ಮುಚ್ಚದೆ ನೀರು ಸೋರುತ್ತಲೇ ಇರಬಹುದು. ಯಂತ್ರ ಆಫ್ ಆಗಿದ್ದಾಗಲೂ ತಳದಲ್ಲಿ ಶುದ್ಧ ನೀರು ಏರುತ್ತಿದ್ದರೆ ಅದೇ ಗುರುತು. ತಕ್ಷಣ ಸಿಂಕಿನ ವಾಲ್ವ್ ಮುಚ್ಚಿ. ಹದಿನೈದು ವರ್ಷದ ವಾಲ್ವಿನ ಜೊತೆ ಹೆಣಗುವುದು ಬೇಡವೆಂದು ನಾವು ಹೊಸದನ್ನೇ ತರಿಸಿದೆವು, ನಮ್ಮ ಮಾದರಿಯ ನಂಬರಿಗೆ ಹೊಂದುವಂಥದ್ದು. ನಲವತ್ತು ಡಾಲರಿನ ಒಳಗೆ ಮುಗಿಯಿತು.

ಹಾಕುವಾಗ ನೆನಪಿಡಬೇಕಾದ್ದು ಮೂರು. ಮೊದಲನೆಯದಾಗಿ, ಹಳೆಯದನ್ನು ಬಿಚ್ಚುವ ಮುಂಚೆ ವೈರು, ಕೊಳವೆಗಳ ಫೋಟೊ ತೆಗೆದುಕೊಳ್ಳಿ. ಎರಡನೆಯದಾಗಿ, ವಾಲ್ವಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಮೊಣಕೈ ತುಂಡಿನ ಮರೆಗಳಿಗೆ ಟೆಫ್ಲಾನ್ ಟೇಪು ಸುತ್ತಬೇಕು, ಆದರೆ ಅದರ ಇನ್ನೊಂದು ತುದಿಯಲ್ಲಿ ಕೊಳವೆಯ ನಟ್ಟು ಕೂರುವ ಕಡೆ ಸುತ್ತಬಾರದು. ಅತಿಯಾಗಿ ಬಿಗಿ ಮಾಡಿದರೆ ಪ್ಲಾಸ್ಟಿಕ್ಕಿನ ವಾಲ್ವ್ ಬಿರುಕು ಬಿಡುತ್ತದೆ. ಮೂರನೆಯದಾಗಿ, ಹೊಸ ವಾಲ್ವಿಗೆ ಕೊಳವೆ ಸೇರಿಸುವ ಮುಂಚೆ ಒಂದೆರಡು ಗ್ಯಾಲನ್ ನೀರನ್ನು ಬಕೀಟಿಗೆ ಬಿಟ್ಟು ಉಳಿದ ಕಸ ಹೋಗಲು ಬಿಡಿ. ಎಲ್ಲ ಮುಗಿದ ಮೇಲೆ ಕೀಲುಗಳ ಕೆಳಗೆ ಒಣ ಟಿಶ್ಯೂ ಕಾಗದ ಹಾಸಿ, ಒಂದು ತೊಳೆತ ಪೂರ್ತಿ ನಡೆಸಿ, ಕಾಗದ ಒದ್ದೆಯಾಗಿಲ್ಲವೆಂದು ನೋಡಿಯೇ ತಗಡು ಮುಚ್ಚಬೇಕು.

ಜರ್ಮನಿಯ ಮಾದರಿಯ ಯಂತ್ರವಿದ್ದವರಿಗೆ ಒಂದು ಮಾತು. ಅವುಗಳಲ್ಲಿ ಬಹಳಷ್ಟಕ್ಕೆ ಅಡಿಯಲ್ಲಿ ಒಂದು ತಟ್ಟೆ, ಅದರಲ್ಲಿ ಇನ್ನೊಂದು ಫ್ಲೋಟ್ ಇರುತ್ತದೆ. ಎಲ್ಲೋ ಸೋರಿ ಆ ತಟ್ಟೆಯಲ್ಲಿ ನೀರು ನಿಂತರೆ ಯಂತ್ರ ತುಂಬುವುದನ್ನು ನಿಲ್ಲಿಸಿ ಹೊರದೂಡುವ ಪಂಪನ್ನೇ ಓಡಿಸುತ್ತಿರುತ್ತದೆ. ಅಲ್ಲಿ ಹುಡುಕಬೇಕಾದ್ದು ಸೋರುವ ಜಾಗವನ್ನು. ಇನ್ನು, ಬಿಸಿನೀರಿನ ಕೊಳವೆಗೆ ಜೋಡಿಸಿದ ಯಾವುದೇ ಯಂತ್ರವಾದರೂ ಶುರುಮಾಡುವ ಮುಂಚೆ ಸಿಂಕಿನ ಬಿಸಿನೀರಿನ ನಲ್ಲಿಯನ್ನು ನೀರು ಬಿಸಿಯಾಗುವ ತನಕ ಬಿಟ್ಟರೆ ಒಳ್ಳೆಯದು. ಒಂದು ಸಲ ತುಂಬುವ ನೀರು ಕೊಂಚವೇ ಆದ್ದರಿಂದ ಕೊಳವೆಯಲ್ಲಿ ತಣ್ಣಗೆ ನಿಂತಿದ್ದ ನೀರೇ ಅದರ ಪಾಲಿಗೆ ಬಂದುಬಿಡುತ್ತದೆ.

ಹೊಸ ವಾಲ್ವ್ ಹಾಕಿದ ಸಂಜೆ ನೀರನ್ನು ಮೊಗೆದು ಅಳೆದೆವು. ನಾಲ್ಕೂವರೆ ಲೀಟರಿಗೆ ಮೇಲೆ.

ಅಮ್ಮನಿಗೆ ಕ್ಷಮೆ ಕೇಳಿದೆವು ಎಂದರೆ ಸುಳ್ಳಾಗುತ್ತದೆ. ನಮ್ಮ ಮನೆಗಳಲ್ಲಿ ಅಮ್ಮಂದಿರಿಗೆ ಸಾರಿ ಹೇಳುವ ರೂಢಿಯಿಲ್ಲವಲ್ಲ. ಫ್ರಿಜ್ಜಿನ ಮೇಲಿನ ಚಿತ್ರವನ್ನು ಕಿತ್ತು ಹಾಕಿ, ಹಳೆಯ ವಾಲ್ವನ್ನು ತಂದು ಅವರ ಕೈಗಿಟ್ಟು ಜಾಲರಿ ತೋರಿಸಿದೆವು. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದರು. “ಹಾಸನದಲ್ಲಿ ನಲ್ಲಿಗೆ ಬಿಳೀ ಬಟ್ಟೆ ಕಟ್ತಿದ್ವಲ್ಲ, ಅದೇ ಇದು. ದಿನ ಬಿಟ್ಟು ದಿನ ನೀರು ಬಿಟ್ಟಾಗ ಮೊದಲು ಬರೋದು ಕೆಂಪು ನೀರೇ. ವಾರಕ್ಕೊಂದು ಸಲ ಬಿಚ್ಚಿ ಒಗೀದಿದ್ರೆ ಕೊಡ ತುಂಬೋಕೆ ಅರ್ಧ ಗಂಟೆ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಮೊದಲೇ ಕೇಳಿದ್ರೆ ಹೇಳ್ತಿದ್ದೆ” ಎಂದರು.

ಕೇಳಿರಲಿಲ್ಲ. ಕೇಳದೆಯೂ ಅವರು ಹೇಳಿದ್ದರು.

ಆ ರಾತ್ರಿ ಯಂತ್ರದಿಂದ ಮಳೆಯ ಸದ್ದು ಬರುತ್ತಿತ್ತು. ಅಮ್ಮ ಬೇಗ ಮಲಗಿದರು. ಅಕ್ಟೋಬರಿನಲ್ಲಿ ಊರಿಗೆ ಹೊರಡುವ ತನಕವೂ ಪಾತ್ರೆ ಜೋಡಿಸುವ ಕೆಲಸ ಅವರದೇ ಆಗಿತ್ತು. ಲೋಟಗಳನ್ನು ಅವರಿಗೆ ತೋಚಿದ ಹಾಗೆ ಒತ್ತಾಗಿಯೇ ಇಡುತ್ತಿದ್ದರು, ಅವು ಚೆನ್ನಾಗಿಯೇ ತೊಳೆದು ಬರುತ್ತಿದ್ದವು.